ಹಿರಿಯರ ಊರಿಗೆ ಹೋಗುವ ಮುನ್ನ

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಹಿರಿಯರ ಊರಿಗೆ ಕರೆದೊಯ್ಯುವವರಿಗೆ ಒಂದು ಮಾತು. ಹೊರಡುವ ಮೊದಲೇ ಮಕ್ಕಳ ಕೈಲಿ ವಂಶವೃಕ್ಷ ಬರೆಸಿ. ಅಜ್ಜ-ಅಜ್ಜಿಯರು 4, ಮುತ್ತಜ್ಜ-ಮುತ್ತಜ್ಜಿಯರು 8. ಆ ಎಂಟರಲ್ಲಿ ಎಷ್ಟು ಹೆಸರು ಗೊತ್ತು ನೋಡಿ. ನಮ್ಮಲ್ಲಿ ಮೂರಕ್ಕೇ ನಿಂತಿತು, ಅದರಲ್ಲಿ ಹೆಂಗಸರ ಹೆಸರು ಒಂದೂ ಇರಲಿಲ್ಲ! ಖಾಲಿ ಉಳಿದ ಜಾಗಗಳೇ ಅಲ್ಲಿ ಕೇಳಬೇಕಾದ ಪ್ರಶ್ನೆಗಳು.

"ನಿಮ್ಮ ಕಾಲದ ಕಥೆ ಹೇಳಿ" ಅಂದರೆ ದೊಡ್ಡವರಿಗೆ ತಟ್ಟನೆ ಏನೂ ಹೊಳೆಯುವುದಿಲ್ಲ. ಹಳೇ ಫೋಟೋ ಒಂದನ್ನು ಮುಂದಿಟ್ಟು "ನಿಮ್ಮ ಪಕ್ಕ ನಿಂತಿರೋದು ಯಾರು?" ಅಂತ ಕೇಳಿ, ಮಾತು ತಾನಾಗಿ ಬರುತ್ತದೆ. ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಒಂದು ಸಲಕ್ಕೆ ಅರ್ಧ ಗಂಟೆ ಸಾಕು, ಅವರಿಗೂ ದಣಿವಾಗುತ್ತದೆ. ನಡುವೆ ತಿದ್ದಲು ಹೋಗಬೇಡಿ. ಇಸವಿ ತಪ್ಪಿದರೆ ತಪ್ಪಲಿ, ಆಮೇಲೆ ಹಳೇ ಕಾಗದಪತ್ರಗಳ ಜೊತೆ ತಾಳೆ ನೋಡಿದರಾಯಿತು.

ಫೋಟೋದ ಹಿಂದೆ ಹೆಸರು ಬರೆಯಲು ಪೆನ್ನು ಬೇಡ, ಶಾಯಿ ಮುಂಭಾಗಕ್ಕೆ ಇಳಿಯಬಹುದು. ಮೆತ್ತನೆ ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಆಲ್ಬಮ್ಮಿಗೆ ಅಂಟಿಕೊಂಡಿದ್ದನ್ನು ಕೀಳಬೇಡಿ, ಇದ್ದಲ್ಲೇ ಮೊಬೈಲಿನಲ್ಲಿ ತೆಗೆದುಕೊಳ್ಳಿ.

ಹಳೇ ಮನೆಯಿದ್ದ ಜಾಗಕ್ಕೆ ಬೆಳಗಿನ ತಂಪಿನಲ್ಲೇ ಹೋಗಿ, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು. ದಾರಿಯ ನಕ್ಷೆ ಬಿಡಿಸುವ ಕೆಲಸ ಮಕ್ಕಳದ್ದು.