ಅಪ್ಪನ ರಿವಾಲ್ವರ್ ಬದಲಿಸಲು ಹೊರಟಾಗ

ಅಪ್ಪ ತೀರಿಕೊಂಡ ಮೇಲೆ ಅವರ ಪಾಯಿಂಟ್ 32 ಇಂಚು ಗುಂಡಿನ ರಿವಾಲ್ವರ್ ನನ್ನ ಪರವಾನಗಿಗೆ ಬಂತು. ಕಾನ್ಪುರದ ಕಾರ್ಖಾನೆಯದು, ಕೊಂಡಿ ಒತ್ತಿದರೆ ನಳಿಗೆ ಕೆಳಕ್ಕೆ ಬಾಗಿ ತೆರೆದುಕೊಳ್ಳುವ, ವೆಬ್ಲಿ ಎಂಬ ಇಂಗ್ಲಿಷ್ ರಿವಾಲ್ವರಿನ ಜಾತಿಯದು. ಶನಿವಾರದ ಬಟವಾಡೆಗೆ ಮೂಡಿಗೆರೆಯಿಂದ ನಗದು ತರುವಾಗ ಅಪ್ಪ ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. ಈಗ ಆಳುಗಳ ಕೂಲಿ ಮೊಬೈಲಿನಲ್ಲೇ ಹೋಗುತ್ತದೆ.

2023ರ ವಿಧಾನಸಭಾ ಚುನಾವಣೆಗೆ ಠಾಣೆಯಲ್ಲಿಟ್ಟು ವಾಪಸು ತಂದಾಗ ನಳಿಗೆಯ ಮೇಲೆ ಉಗುರಗಲ ತುಕ್ಕು ಕಂಡಿತು. ಆ ಬೇಸರದಲ್ಲೇ ರೈಫಲ್ ಕ್ಲಬ್ಬಿಗೆ ಹೋಗಿ ಹತ್ತು ಗುಂಡು ಹಾರಿಸಿದೆ, ಎರಡು ಹಾರಲಿಲ್ಲ. ಗುಂಡು ಹಾರದಿದ್ದಾಗ ತಕ್ಷಣ ತೆರೆಯಬಾರದು. ತಡವಾಗಿ ಸಿಡಿಯುವುದುಂಟು. ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ನಿಂತೆ. ಆ ಅರ್ಧ ನಿಮಿಷದಲ್ಲೇ ಇದನ್ನು ಕೊಟ್ಟು ಬೇರೆ ತರುವುದೆಂದು ತೀರ್ಮಾನಿಸಿಬಿಟ್ಟಿದ್ದೆ.

ಅದೇ ಆಗಸ್ಟಿನಲ್ಲಿ ಕಾನ್ಪುರದಿಂದ ‘ಪ್ರಬಲ್’ ಎಂಬ ಹೊಸ ರಿವಾಲ್ವರ್ ಹೊರಬಂತು. ಕೆಲವು ತಿಂಗಳ ಮೇಲೆ ಕೋವಿ ಅಂಗಡಿಯಲ್ಲಿ ಅದನ್ನು ಕೈಗೆ ತೆಗೆದುಕೊಂಡೆ. ಖಾಲಿ ತೂಕ 675 ಗ್ರಾಂ, ನಳಿಗೆ 76 ಮಿಲಿಮೀಟರ್. ಗುಂಡು ತುಂಬಲು ನಳಿಗೆ ಬಾಗಿಸಬೇಕಿಲ್ಲ, ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ಟ್ರಿಗರ್ ನಮ್ಮದಕ್ಕಿಂತ ಹಗುರ. ಆಸೆ ಹುಟ್ಟಿತು, ಸುಳ್ಳೇಕೆ ಹೇಳಲಿ.

ಎರಡನ್ನೂ ಇಟ್ಟುಕೊಳ್ಳುವ ಹಾಗಿರಲಿಲ್ಲ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಾದ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ, ಮೊದಲು ಮೂರಿತ್ತು. ಹಂದಿ ಕಾಟಕ್ಕೆಂದು ಇರುವ ಜೋಡುನಳಿಗೆ ಕೋವಿಯನ್ನು ಬಿಡಲಾರೆ. ಹಳೆಯದಕ್ಕೆ ಅಂಗಡಿಯವರು ಹೇಳಿದ್ದು ಹೊಸದರ ಬೆಲೆಯ ಕಾಲು ಭಾಗವೂ ಅಲ್ಲ. ಪರವಾನಗಿ ಇರುವವರೇ ಕೊಳ್ಳಬೇಕಾದ ವಸ್ತುವಿಗೆ ಗಿರಾಕಿಗಳೆಷ್ಟು? ನಾನೇ ಯಾರಿಗಾದರೂ ಮಾರೋಣವೆಂದರೆ ಜಿಲ್ಲಾಧಿಕಾರಿಗೋ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು.

ಇನ್ನೊಂದು ಲೆಕ್ಕ ಮನೆಗೆ ಬಂದ ಮೇಲೆ ಹೊಳೆಯಿತು. ಪಾಯಿಂಟ್ 38, 9 ಎಂಎಂ ಗಾತ್ರದ ಗುಂಡು ಹಾರಿಸುವ ಆಯುಧಗಳು ನಮ್ಮಂಥ ಸಾಮಾನ್ಯರಿಗೆ ನಿಷಿದ್ಧ. ಹಾಗಾಗಿ ಹೊಸದೂ ಹಾರಿಸುವುದು ಅದೇ ಪಾಯಿಂಟ್ 32 ಗುಂಡನ್ನೇ. ಆನೆ ಎದುರಾದರೆ ಎರಡೂ ಒಂದೇ, ಓಡಬೇಕು. ಹೆಂಡತಿ ಕೇಳಿದಳು: “ಹೊಸದನ್ನೂ ಈ ಬೀರುವಿನಲ್ಲೇ ತಾನೆ ಇಡುವುದು?”

ಬೀರು ಎಂದಾಗ ಗುಂಡಿನ ಪೆಟ್ಟಿಗೆ ನೆನಪಾಯಿತು. ಅಪ್ಪನ ಕಾಲದ ಗುಂಡುಗಳು, ಮಲೆನಾಡಿನ ಎಷ್ಟು ಮಳೆಗಾಲದ ಥಂಡಿ ಕುಡಿದಿದ್ದವೋ! ಹಿತ್ತಾಳೆಯ ಅಂಚಿಗೆ ಹಸಿರು ಹಿಡಿದಿತ್ತು. ರಿವಾಲ್ವರಿನ ಆರೂ ಮನೆ ಖಾಲಿ ಎಂದು ಬೆರಳಿಟ್ಟು ನೋಡಿಕೊಂಡು, ನಳಿಗೆ ಹಿಡಿದು ಅಲುಗಿಸಿದೆ. ಕೊಂಡಿಯ ಬಳಿ ಕೂದಲೆಳೆಯಷ್ಟು ಸಡಿಲವಿತ್ತು, ಅಷ್ಟೇ. ಅಂಗಡಿಯ ರಿಪೇರಿಯವರು ಕೊಂಡಿ ಬಿಗಿ ಮಾಡಿ, ತುಕ್ಕು ಉಜ್ಜಿ ಕೊಟ್ಟರು. ಹಳೆಯ ಗುಂಡುಗಳನ್ನು ಅಲ್ಲೇ ಒಪ್ಪಿಸಿ 25 ಹೊಸ ಗುಂಡು ಕೊಂಡು ಪರವಾನಗಿಯಲ್ಲಿ ಬರೆಸಿದೆ.

ಮತ್ತೆ ಕ್ಲಬ್ಬಿನಲ್ಲಿ ಹನ್ನೆರಡು ಹಾರಿಸಿದೆ. ಒಂದೂ ಕೈಕೊಡಲಿಲ್ಲ. ಟ್ರಿಗರ್ ಮಾತ್ರ ಮೊದಲಿನಷ್ಟೇ ಬಿಗಿ. ಎರಡು ದಿನ ಬೆರಳು ನೋಯಿತು.