ತುಕ್ಕು ಹಿಡಿಯದ ಸೆರಿಚೊ: ನನ್ನ ಅನುಭವ

ಲೋಹದ ನಡುವೆ ಹಸಿರು ಪೆರಿಡಾಟ್ ಹರಳುಗಳಿರುವ ಉಲ್ಕಾಶಿಲೆ ಬೇಕೆಂದರೆ ಎಸ್ಕ್ವೆಲ್ ಅಥವಾ ಇಮಿಲಾಕ್ ಕೊಳ್ಳಬೇಕು, ಅಗ್ಗವೆಂದು ಸೆರಿಚೊಗೆ ಕೈಹಾಕಿದರೆ ಹಾಕಿದ ಹಣಕ್ಕೇ ತುಕ್ಕು ಹಿಡಿಯುತ್ತದೆ ಎಂದು ಅಮೆರಿಕದ ಅರಿಜೋನಾದ ಟೂಸಾನ್‌ನ ಫೆಬ್ರವರಿಯ ಕಲ್ಲು-ಹರಳುಗಳ ಮೇಳದಲ್ಲಿ ಹಳಬರು ಹೇಳುತ್ತಲೇ ಬಂದಿದ್ದರು. ಅರ್ಜೆಂಟೀನಾದ ಎಸ್ಕ್ವೆಲ್‌ಗೆ ಗ್ರಾಂಗೆ ಮೂವತ್ತು ನಲವತ್ತು ಡಾಲರ್ ಕೇಳುತ್ತಿದ್ದಾಗ, 2016ರಲ್ಲಿ ಕೀನ್ಯಾದಲ್ಲಿ ಬೆಳಕಿಗೆ ಬಂದ ಸೆರಿಚೊದ ಇಡೀ ತುಂಡು ನನಗೆ ಗ್ರಾಂಗೆ ಎರಡು ಡಾಲರಿನ ಆಸುಪಾಸಿನಲ್ಲಿ ಸಿಕ್ಕಿತು. ಕಿಲೋಗೆ ತುಸು ಕಡಿಮೆಯಿದ್ದ ಆ ತುಂಡನ್ನು ತೆಳು ಬಿಲ್ಲೆಗಳಾಗಿ ಕತ್ತರಿಸುವಾಗ ಅದರ ಮೂರನೆಯ ಒಂದು ಭಾಗ ಬ್ಲೇಡಿನ ಪುಡಿಯಾಗಿಯೇ ಹೋಯಿತು. ಆ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಿಡಿಯದವರು ಈ ಕೆಲಸಕ್ಕೆ ಇಳಿಯಬಾರದು.

ಬಿಲ್ಲೆ ಎರಡು ಮಿಲಿಮೀಟರಿಗಿಂತ ತೆಳುವಾದರೆ ಹರಳು ಉದುರುತ್ತದೆ, ನಾಲ್ಕನ್ನು ದಾಟಿದರೆ ಹರಳಿನ ಮೂಲಕ ಹಾಯುವ ಬೆಳಕು ಮಂಕಾಗುತ್ತದೆ. ನನಗೆ ಒಗ್ಗಿದ್ದು ಎರಡೂವರೆ. ಅಂಚಿನ ಹರಳುಗಳು ನಿಲ್ಲಲೆಂದು ಕತ್ತರಿಸುವ ಮುನ್ನ ನಾನು ತುಂಬುವ ಅಂಟು ಯಾವುದೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಎಲ್ಲರೂ ಸೋಲುವುದು ಇದರ ನಂತರ. ವಾರ್ನಿಷ್, ಬಂದೂಕಿನ ಎಣ್ಣೆ, ಮೇಣ, ಯಾವುದನ್ನು ಬಳಿದರೂ ಕೆಲವೇ ತಿಂಗಳಲ್ಲಿ ಹರಳು ಮತ್ತು ಲೋಹ ಕೂಡುವ ಗೆರೆಯಲ್ಲಿ ಕಂದು ಹನಿಗಳು ಮೂಡುತ್ತಿದ್ದವು, ಏಕೆಂದರೆ ನೆಲದಲ್ಲಿದ್ದಷ್ಟು ಕಾಲ ಹೀರಿಕೊಂಡ, ತುಕ್ಕು ಹಿಡಿಸುವ ಉಪ್ಪಿನಂಶವಾದ ಕ್ಲೋರೈಡ್ ಆ ಲೇಪದ ಅಡಿಯಲ್ಲೇ ಉಳಿದಿರುತ್ತಿತ್ತು. ಹೀಗಾಗಿ ಆ ಕ್ಲೋರೈಡನ್ನೇ ಹೊರತೆಗೆಯಲೆಂದು, ಬಿಲ್ಲೆಗಳಿಗೆ ಹತ್ತಿದ ಗರಗಸದ ಎಣ್ಣೆಯನ್ನು ಅಸಿಟೋನಿನಲ್ಲಿ ಪೂರ್ತಿ ತೆಗೆದು, ಭಟ್ಟಿ ಇಳಿಸಿದ ನೀರಿನಲ್ಲಿ ಸುಮಾರು ಶೇ. 2ರಷ್ಟು ಕಾಸ್ಟಿಕ್ ಸೋಡಾ ಕರಗಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಳುಗಿಸಿಟ್ಟು ವಾರಕ್ಕೊಮ್ಮೆ ದ್ರಾವಣ ಬದಲಿಸಿದೆ. ಬದಲಿಸುವಾಗಲೆಲ್ಲ ಹಳೆಯ ದ್ರಾವಣದ ಒಂದು ಚಮಚವನ್ನು ನೈಟ್ರಿಕ್ ಆಮ್ಲದಿಂದ ಹುಳಿ ಮಾಡಿ ಸಿಲ್ವರ್ ನೈಟ್ರೇಟ್ ತೊಟ್ಟಿಕ್ಕಿಸುತ್ತಿದ್ದೆ, ಕ್ಲೋರೈಡ್ ಇದ್ದರೆ ಅದು ಬೆಳ್ಳಗಾಗುತ್ತದೆ. ಹುಳಿ ಮಾಡದೆ ಹಾಕಿದರೆ ಕಂದು ಗಷ್ಟು ಬಂದು ಏನೂ ತಿಳಿಯುವುದಿಲ್ಲ. ಮೊದಲು ಮಜ್ಜಿಗೆಯಂತೆ ಬೆಳ್ಳಗಾಗುತ್ತಿದ್ದುದು ಆರೇಳು ವಾರಗಳಲ್ಲಿ ತಿಳಿಯಾಯಿತು. ಅನಂತರ ಭಟ್ಟಿ ಇಳಿಸಿದ ನೀರಿನಲ್ಲಿ ಸೋಡಾ ಬಿಡುವವರೆಗೆ ತೊಳೆದು, ನಿರ್ಜಲ ಆಲ್ಕೋಹಾಲಿನಲ್ಲಿ ಅದ್ದಿ, ಅದು ಗಾಳಿಯಲ್ಲಿ ಪೂರ್ತಿ ಆರಿದ ಮೇಲಷ್ಟೇ ಒಲೆಯಲ್ಲಿ ನೂರು ಡಿಗ್ರಿಯ ಹತ್ತಿರ ಒಣಗಿಸಿ, ಬಿಸಿ ಇಳಿದೊಡನೆ ಪ್ಯಾರಾಲಾಯ್ಡ್ ಬಿ-72 ಎಂಬ ಪಾರದರ್ಶಕ ಅಕ್ರಿಲಿಕ್ ಲೇಪ ಬಳಿದೆ.

ಅರಿಜೋನಾದ ಒಣಹವೆಯಲ್ಲಿ ಯಾವ ಬಿಲ್ಲೆಯಾದರೂ ಚೆನ್ನಾಗಿರುತ್ತದೆ ಎಂದು ಮತ್ತೆ ಆಕ್ಷೇಪ ಬಂತು. ಆದ್ದರಿಂದ ಒಂದನ್ನು ಮಂಗಳೂರಿನ ಅಣ್ಣನ ಮನೆಗೆ ಕಳುಹಿಸಿ, ತೇವ ಹೀರುವ ಸಿಲಿಕಾ ಜೆಲ್ ಇಲ್ಲದೆ, ಕಿಟಕಿಯ ಪಕ್ಕದ ಕಪಾಟಿನಲ್ಲಿ ಇಡುವಂತೆ ಹೇಳಿದೆ. ಎರಡು ಮಳೆಗಾಲ ಕಳೆದರೂ ಅದರ ಮೇಲೆ ಒಂದು ಚುಕ್ಕೆಯೂ ಮೂಡಿಲ್ಲ. ಸಂದೇಹಪಟ್ಟವರಿಗೆಲ್ಲ ಅದರ ಫೋಟೊ ಕಳುಹಿಸಿದ್ದೇನೆ.

ನಡುವೆ ಉದುರಿದ ಹರಳುಗಳನ್ನು ಸಾಣೆ ಹಿಡಿದು ಕಲ್ಲು ಮಾಡಲೂ ಯತ್ನಿಸಿದೆ. ಹೆಚ್ಚಿನವು ಒಳಬಿರುಕಿನಿಂದ ಸಾಣೆಯ ಮೇಲೆಯೇ ಸೀಳಿದವು, ಉಳಿದ ಒಂದೇ ಒಂದು ಹರಳು ಕಾಲು ಕ್ಯಾರೆಟ್ಟೂ ತೂಗಲಿಲ್ಲ. ಅದು ಲಾಭದ ಕೆಲಸವಲ್ಲ. ಬಿಲ್ಲೆಗಳಾದರೋ ಗ್ರಾಂಗೆ ಎಂಟು ಒಂಬತ್ತು ಡಾಲರಿಗೆ ಹೋದವು, ನಾಲ್ಕು ಮಾರಿದಾಗಲೇ ತುಂಡಿಗೂ ಬ್ಲೇಡಿಗೂ ಹಾಕಿದ ಹಣ ಕೈಸೇರಿತು. ಈಗ ಬೆಲಾರೂಸಿನ ಬ್ರಾಹಿನ್ ಎಂಬ ಇಂಥದೇ ಉಲ್ಕಾಶಿಲೆ ಸೋಡಾ ಡಬ್ಬಿಯಲ್ಲಿದೆ. ತುಕ್ಕಿಗೆ ಅದು ಇನ್ನೂ ಹೆಚ್ಚು ಕುಖ್ಯಾತ, ಮೂರು ತಿಂಗಳಾದರೂ ಸಿಲ್ವರ್ ನೈಟ್ರೇಟಿನ ಪರೀಕ್ಷೆಯಲ್ಲಿ ಪಾಸಾಗಿಲ್ಲ.