ಕೆಂಪಿಯ ಸಿಡುಕು, ಕೆಂಪಿಯ ಸೊಂಟ

ಮೈಸೂರಿನ ನಮ್ಮ ಬಡಾವಣೆಯ ತಿರುವಿನಲ್ಲಿದ್ದ ಟೀ ಅಂಗಡಿಯ ಬೆಂಚಿನ ಕೆಳಗೆ ಎಷ್ಟೋ ವರ್ಷ ಕಳೆದಿದ್ದ ಕೆಂಪಿ ಎಂಬ ಬೀದಿನಾಯಿಯನ್ನು ನಾನು ಮನೆಗೆ ಕರೆತಂದದ್ದು 2022ರ ಜೂನ್ ತಿಂಗಳಲ್ಲಿ. ಅಂಗಡಿ ಎರಡು ಬೀದಿ ಆಚೆಗೆ ಹೋಗಿತ್ತು; ಆ ಬೀದಿಯ ನಾಯಿಗಳು ಇವಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹಾಗಾಗಿ ಹಳೆಯ ಜಾಗಕ್ಕೇ ಮರಳಿ, ಬೆಂಚಿಲ್ಲದ ಗೋಡೆಯ ಬುಡದಲ್ಲಿ ಮಳೆಗೆ ನೆನೆಯುತ್ತ ಮಲಗಿರುತ್ತಿದ್ದಳು. ಕರೆದುಕೊಂಡು ಹೋಗುತ್ತೇನೆ ಎಂದಾಗ ಟೀ ಅಂಗಡಿಯವರು, "ಸಾರ್, ಇದಕ್ಕೆ ವಯಸ್ಸಾಗಿದೆ, ಮೇಲಾಗಿ ಕೋಪ ಜಾಸ್ತಿ. ಸಾಕೋದಾದ್ರೆ ಮರಿ ಕೊಡಿಸ್ತೀನಿ, ಇದು ಬೇಡ" ಎಂದಿದ್ದರು. ಕೋಪದ ವಿಷಯದಲ್ಲಿ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಆ ಕೋಪ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ನನಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು, ಮತ್ತು ಆ ವರ್ಷದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಒಂದರ ಬೆಲೆಯನ್ನು ಅವಳ ಮೂತ್ರಪಿಂಡಗಳು ಇಂದಿಗೂ ತೆರುತ್ತಿವೆ.

ಮೊದಲ ಭೇಟಿಯಲ್ಲಿ ಪಶುವೈದ್ಯರು ಅವಳ ಕಿವಿಯ ತುದಿ ಕತ್ತರಿಸಿರುವುದನ್ನು ತೋರಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವುದಕ್ಕೆ ಅದು ಗುರುತು ಎಂದರು. ಸವೆದ ಹಲ್ಲುಗಳನ್ನು ನೋಡಿ ಹತ್ತು ವರ್ಷವಿರಬಹುದೆಂದು ಅಂದಾಜು ಹೇಳಿದರು. ಕಣ್ಣಿನಲ್ಲಿ ಕಂಡ ನೀಲಿ ಮಬ್ಬನ್ನು ನಾನು ಪೊರೆ ಎಂದುಕೊಂಡಿದ್ದೆ. ಅದು ವಯಸ್ಸಿಗೆ ಮಸೂರ ಗಟ್ಟಿಯಾಗುವುದರಿಂದ ಬರುವ ಮಬ್ಬು, ಅದರಿಂದ ದೃಷ್ಟಿ ಅಷ್ಟಾಗಿ ಕೆಡುವುದಿಲ್ಲ ಎಂದು ತಿಳಿಯಿತು. ತುರ್ತಾಗಿದ್ದದ್ದು ಉಣ್ಣೆ ಹುಳದಿಂದ ಬರುವ ಜ್ವರ. ಮೈಯ ಶಾಖ 104 ಡಿಗ್ರಿ ಫ್ಯಾರನ್‌ಹೀಟ್ ಇತ್ತು; ನಾಯಿಗೆ ಸಹಜವಾದದ್ದು ಸುಮಾರು 101ರಿಂದ 102.5. ರಕ್ತದಲ್ಲಿ ಪ್ಲೇಟ್‌ಲೆಟ್ 42 ಸಾವಿರಕ್ಕೆ ಇಳಿದಿತ್ತು; ಎರಡು ಲಕ್ಷದ ಮೇಲಿರಬೇಕಾದದ್ದು. ಎರ್ಲಿಕಿಯಾ ಎಂಬ ಆ ಸೋಂಕಿಗೆ 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಟ್ಟರು. ಹನ್ನೆರಡನೆಯ ದಿನಕ್ಕೆ ಅವಳು ಬಾಲ ಅಲ್ಲಾಡಿಸಿಕೊಂಡು ಓಡಾಡತೊಡಗಿದಾಗ ಮಾತ್ರೆ ನಿಲ್ಲಿಸಿಬಿಡೋಣವೆಂಬ ಆಸೆ ನಮಗೂ ಆಯಿತು, ಆದರೆ ನಿಲ್ಲಿಸಲಿಲ್ಲ. ಈ ಮಾತ್ರೆಯನ್ನು ಹಾಲಿನ ಜೊತೆ ಕೊಟ್ಟರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿಯಾಗುತ್ತದೆ. ಬಿಸಿ ಆರಿದ ಇಡ್ಲಿಯ ನಡುವೆ ಬೆರಳಿನಿಂದ ಕುಳಿ ಮಾಡಿ, ಮಾತ್ರೆಯನ್ನು ಹುದುಗಿಸಿ, ಅದೇ ಹಿಟ್ಟಿನಿಂದ ಮುಚ್ಚಿ ಕೊಟ್ಟರೆ ಕೆಂಪಿ ಅಗಿಯದೆ ನುಂಗುತ್ತಿದ್ದಳು. ಬಾಳೆಹಣ್ಣು, ಬ್ರೆಡ್ಡು ಎಲ್ಲವನ್ನೂ ಪ್ರಯತ್ನಿಸಿ ನೋಡಿದವನಾಗಿ ಹೇಳುತ್ತೇನೆ, ಮಾತ್ರೆ ಅಡಗಿಸಲು ಇಡ್ಲಿಗೆ ಸಮನಾದದ್ದು ಇನ್ನೊಂದಿಲ್ಲ.

ಪಕ್ಕದ ಮನೆಯವರು ಮೈಗೆ ಸೀಮೆಎಣ್ಣೆ ಸವರಲು ಹೇಳಿದ್ದರು. ಅದು ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ, ಮಾಡಲಿಲ್ಲ. ಈ ಕಂದು ಉಣ್ಣೆ ತನ್ನ ಆಯುಷ್ಯದ ಹೆಚ್ಚಿನ ಕಾಲವನ್ನು ಕಳೆಯುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕುಗಳಲ್ಲಿ. ಹೀಗಾಗಿ ಉಣ್ಣೆಗೆ ಡಾಕ್ಟರ್ ಕೊಟ್ಟ ಮಾತ್ರೆಯ ಜೊತೆಗೆ, ವರಾಂಡದ ಗೋಡೆಯ ಬುಡದ ಬಿರುಕುಗಳಿಗೆಲ್ಲ ಬಿಳಿ ಸಿಮೆಂಟು ಮೆತ್ತಿದೆವು.

ಜ್ವರ ಇಳಿದ ಮೇಲೂ ಸಿಡುಕು ಇಳಿಯಲಿಲ್ಲ. ಬೆನ್ನಿನ ಹಿಂಭಾಗವನ್ನು ಮುಟ್ಟಿದರೆ, ಮಲಗಿದ್ದ ಚಾಪೆಯನ್ನು ಎಳೆದರೆ, ಮೆಟ್ಟಿಲ ಬಳಿ ಯಾರಾದರೂ ಪಕ್ಕದಲ್ಲಿ ಹಾದುಹೋದರೆ ಹಲ್ಲು ತೋರಿಸುತ್ತಿದ್ದಳು. ಬೀದಿಯ ಬುದ್ಧಿ ಎಂದು ನಾನೂ ಅಂದುಕೊಂಡೆ. ಯಾವಾಗ, ಎಲ್ಲಿ, ಯಾವ ಭಂಗಿಯಲ್ಲಿದ್ದಾಗ ಗುರುಗುಟ್ಟಿದಳು ಎಂಬುದನ್ನು ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಲು ಹೇಳಿದ್ದು ನನ್ನ ಹೆಂಡತಿ. ಮೂರು ವಾರದ ಬರಹವನ್ನು ಓದಿ ನೋಡಿದಾಗ, ಗುರುಗುಟ್ಟಿದ ಹತ್ತರಲ್ಲಿ ಎಂಟು ಸಲ ಅವಳು ಏಳುವ ಅಥವಾ ಕೂರುವ ಹೊತ್ತಾಗಿತ್ತು, ಅಲ್ಲವಾದರೆ ಬೆಳಗಿನ ಚಳಿಯ ಹೊತ್ತಾಗಿತ್ತು. ಎಕ್ಸ್‌ರೇಯಲ್ಲಿ ಕಾರಣ ಸಿಕ್ಕಿತು: ಎರಡೂ ಸೊಂಟದ ಕೀಲುಗಳು ಸವೆದಿದ್ದವು, ಬೆನ್ನುಮೂಳೆಯ ಕೆಳಭಾಗದ ಮಣಿಗಳ ನಡುವೆ ಮೂಳೆ ಬೆಳೆದು ಸೇತುವೆ ಕಟ್ಟಿತ್ತು. ಬೀದಿಯಲ್ಲಿ ಜಗಳಗಂಟಿ ಎನ್ನಿಸಿಕೊಂಡವಳು ನೋಯುತ್ತಿರುವ ಸೊಂಟವನ್ನು ಕಾಯ್ದುಕೊಳ್ಳುತ್ತಿದ್ದಳು, ಅಷ್ಟೆ.

ನೋವಿಗೆ ಮೆಲಾಕ್ಸಿಕ್ಯಾಮ್ ಎಂಬ ಔಷಧಿಯನ್ನು ಏಳು ದಿನಕ್ಕೆ ಬರೆದುಕೊಟ್ಟರು. ಐದನೆಯ ದಿನಕ್ಕೆ ಕೆಂಪಿ ಗೇಟಿನ ತನಕ ಓಡಿದಳು. ಏಳು ದಿನ ಮುಗಿದ ಮೇಲೆ ಮತ್ತೆ ಕುಂಟಿದಾಗ, ಡಾಕ್ಟರನ್ನು ಕೇಳದೆ, ಹಳೆಯ ಚೀಟಿಯನ್ನೇ ತೋರಿಸಿ ಔಷಧಿ ತಂದು ಮೂರು ವಾರ ಮುಂದುವರಿಸಿದೆ. ಆ ತಪ್ಪು ಪೂರ್ತಿ ನನ್ನದು. ಅವಳು ನೀರು ಹೆಚ್ಚು ಕುಡಿಯತೊಡಗಿದಳು, ಬೆಳಗ್ಗೆ ಹಳದಿ ನೊರೆ ವಾಂತಿ ಮಾಡಿದಳು, ಊಟ ಬಿಟ್ಟಳು. ಮೂತ್ರಪಿಂಡ ಹೊರಹಾಕಬೇಕಾದ ಕಲ್ಮಶವಾದ ಕ್ರಿಯಾಟಿನಿನ್ ರಕ್ತದಲ್ಲಿ ಮೊದಲಿದ್ದ 1.6ರಿಂದ 3.1ಕ್ಕೆ ಏರಿತ್ತು. ಈ ಜಾತಿಯ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ರಕ್ತ ಹರಿಯಲು ನೆರವಾಗುವ ವಸ್ತುವನ್ನೇ ತಡೆಯುತ್ತವೆ; ಗಟ್ಟಿ ಮೂತ್ರಪಿಂಡ ಅದನ್ನು ತಾಳಿಕೊಳ್ಳಬಹುದು, ಆಗಲೇ ಸೊರಗಿರುವುದು ತಾಳಿಕೊಳ್ಳಲಾರದು. ಮೂತ್ರಪಿಂಡದ ಕೆಲಸ ಮುಕ್ಕಾಲು ಪಾಲು ಕೆಟ್ಟ ಮೇಲೆಯೇ ಸಾಮಾನ್ಯವಾಗಿ ಕ್ರಿಯಾಟಿನಿನ್ ಏರುವುದರಿಂದ, ಮೊದಲಿನ 1.6 ಕೂಡ ನಿಶ್ಚಿಂತೆಯ ಅಂಕಿ ಆಗಿರಲಿಲ್ಲ. ಡಾಕ್ಟರ್ ಬೈಯಲಿಲ್ಲ, ಚೀಟಿಯ ಮೇಲೆ ನಾನು ಔಷಧಿ ತಂದ ತಾರೀಕುಗಳನ್ನು ಒಂದೊಂದಾಗಿ ಬರೆಸಿಕೊಂಡರು. ಬೈದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ನಾಯಿಗೆ ಕೊಡುವವರು ನಮ್ಮಲ್ಲಿ ಎಷ್ಟೋ ಜನರಿದ್ದಾರೆ. ಅದು ಇನ್ನೂ ಅಪಾಯದ ಕೆಲಸ.

ಐದು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಆದ ಮೇಲೆ, ಚರ್ಮದ ಕೆಳಗೆ ದ್ರವ ಕೊಡುವುದನ್ನು ನನಗೇ ಕಲಿಸಿದರು. ವಾರಕ್ಕೆ ಮೂರು ಸಂಜೆ, ರಿಂಗರ್ಸ್ ಲ್ಯಾಕ್ಟೇಟ್ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಇಟ್ಟು, ಮಣಿಕಟ್ಟಿಗೆ ಎರಡು ಹನಿ ಬಿಟ್ಟು ಶಾಖ ನೋಡಿ, ಕಿಟಕಿಯ ಸರಳಿಗೆ ತೂಗುಹಾಕುತ್ತೇನೆ. ಎರಡು ಭುಜಗಳ ನಡುವಿನ ಸಡಿಲ ಚರ್ಮವನ್ನು ಡೇರೆಯಂತೆ ಎತ್ತಿ, ಅದರ ಬುಡಕ್ಕೆ ಸೂಜಿ ಚುಚ್ಚಿದರೆ ಕೆಂಪಿ ಒಮ್ಮೆ ಕಿವಿ ಹಿಂದಕ್ಕೆ ಮಾಡುತ್ತಾಳೆ. ಆಮೇಲೆ ನನ್ನ ಹೆಂಡತಿಯ ಅಂಗೈಯಲ್ಲಿರುವ ಬೇಯಿಸಿದ ಮೊಟ್ಟೆಯ ಬಿಳಿಭಾಗವನ್ನು ಚೂರುಚೂರಾಗಿ ನೆಕ್ಕುತ್ತ ನಿಲ್ಲುತ್ತಾಳೆ. 150 ಮಿಲಿಲೀಟರ್ ಇಳಿಯುವಷ್ಟರಲ್ಲಿ ಬೆನ್ನಿನ ಮೇಲೆ ಎತ್ತಿನ ಡುಬ್ಬದಂತೆ ಊದಿಕೊಳ್ಳುತ್ತದೆ. ರಾತ್ರಿಯ ಹೊತ್ತಿಗೆ ಅದು ಒಂದು ಮುಂಗಾಲಿನ ಕಡೆ ಜಾರಿರುತ್ತದೆ, ಬೆಳಗ್ಗೆ ಮಾಯವಾಗಿರುತ್ತದೆ. ಮೊದಲ ಸಲ ಆ ಜಾರಿದ ಊತವನ್ನು ನೋಡಿ ಹೆದರಿ ರಾತ್ರಿ ಹನ್ನೊಂದಕ್ಕೆ ಡಾಕ್ಟರಿಗೆ ಫೋನ್ ಮಾಡಿದ್ದೆ. ನಾಲ್ಕು ತಿಂಗಳಲ್ಲಿ ಕ್ರಿಯಾಟಿನಿನ್ 2.2ಕ್ಕೆ ಇಳಿದು ಅಲ್ಲಿಯೇ ನಿಂತಿದೆ.

ಮೂಳೆ, ಈಲಿ, ಹಾಲು, ಮೊಸರು ಇವುಗಳಲ್ಲಿ ಸೊರಗಿದ ಮೂತ್ರಪಿಂಡಕ್ಕೆ ಹೊರೆಯಾಗುವ ರಂಜಕ (ಫಾಸ್ಫರಸ್) ಹೆಚ್ಚಿರುವುದರಿಂದ ಎಲ್ಲವೂ ನಿಂತವು. ಮೂತ್ರಪಿಂಡದ ರೋಗಕ್ಕೆಂದೇ ತಯಾರಿಸಿದ ಒಣ ಆಹಾರವನ್ನು ಅವಳು ಮೂಸಿ ನೋಡಿ ಬಿಟ್ಟಳು. ಕೊನೆಗೆ ಬಿಳಿ ಅನ್ನ, ಮೊಟ್ಟೆಯ ಬಿಳಿಭಾಗ, ಸಿಹಿಗುಂಬಳ, ಒಂದು ಹಿಡಿ ಕೋಳಿಮಾಂಸ ಮತ್ತು ಡಾಕ್ಟರ್ ಸೂಚಿಸಿದ ಪೂರಕ ಪುಡಿ ಇಷ್ಟಕ್ಕೆ ಒಪ್ಪಂದವಾಯಿತು. ನೋವಿಗೆ ಈಗ ಗ್ಯಾಬಪೆಂಟಿನ್, ಅದೂ ಮೂತ್ರಪಿಂಡದ ಸ್ಥಿತಿಗೆ ತಕ್ಕಂತೆ ತಗ್ಗಿಸಿದ ಪ್ರಮಾಣದಲ್ಲಿ. ಆದರೆ ಔಷಧಿಗಿಂತ ಹೆಚ್ಚು ಗುಣ ಕಂಡದ್ದು ನೆಲದಿಂದ. ನಮ್ಮ ನಡುಮನೆಯ ನುಣುಪು ಟೈಲ್ಸಿನ ಮೇಲೆ ಹಿಂಗಾಲು ಜಾರಿದಾಗಲೆಲ್ಲ ಸೊಂಟಕ್ಕೆ ಪೆಟ್ಟು ಬೀಳುತ್ತಿತ್ತು. ಅವಳು ಮಲಗುವ ಮೂಲೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ತೆಂಗಿನ ನಾರಿನ ಚಾಪೆಯ ದಾರಿ ಹಾಸಿದೆವು. ಒಂದೇ ವಾರದಲ್ಲಿ ಪುಸ್ತಕದಲ್ಲಿನ ಗುರುಗುಟ್ಟಿದ ಲೆಕ್ಕ ಅರ್ಧಕ್ಕಿಳಿಯಿತು.

ಎಲ್ಲ ಸಿಟ್ಟಿಗೂ ನೋವೇ ಕಾರಣವೆಂದು ಹೇಳಿದರೆ ಸುಳ್ಳಾಗುತ್ತದೆ. ತಟ್ಟೆಯ ಹತ್ತಿರ ಯಾರನ್ನೂ ಬಿಡದಿರುವುದು ಬೀದಿಯ ಹಸಿವು ಕಲಿಸಿದ ಪಾಠವಾಗಿತ್ತು. ನೋವು ತಗ್ಗಿದ ಮೇಲೂ ಅದು ಉಳಿದಿತ್ತು. ನಮ್ಮ ಬಂಧುಗಳೊಬ್ಬರು, ತಟ್ಟೆ ಕಿತ್ತುಕೊಂಡು ಒಂದು ಏಟು ಕೊಟ್ಟರೆ ಸರಿಹೋಗುತ್ತದೆ ಎಂದರು. ತಟ್ಟೆ ಕಿತ್ತುಕೊಳ್ಳುತ್ತಾರೆಂಬ ಭಯದಿಂದ ಗುರುಗುಟ್ಟುವವಳಿಂದ ತಟ್ಟೆ ಕಿತ್ತುಕೊಂಡರೆ ಅವಳ ಭಯ ನಿಜವೆಂದು ಸಾಧಿಸಿದಂತಾಗುತ್ತದೆ. ನಾನು ಹತ್ತು ಅಡಿ ದೂರದಿಂದ ಹಾದುಹೋಗುತ್ತ, ಅವಳು ಉಣ್ಣುತ್ತಿರುವಾಗ ತಟ್ಟೆಯ ಕಡೆಗೆ ಒಂದು ಚೂರು ಕೋಳಿಮಾಂಸ ಎಸೆದು, ನಿಲ್ಲದೆ ಮುಂದೆ ಹೋಗುತ್ತಿದ್ದೆ. ಅವಳ ಮೈ ಬಿಗಿಯದ ದಿನ ಮಾತ್ರ ಅರ್ಧ ಅಡಿ ಹತ್ತಿರ. ಮೂರು ಅಡಿಗೆ ಬರಲು ಏಳು ವಾರ ಹಿಡಿಯಿತು. ಅಲ್ಲಿಗೆ ನಿಲ್ಲಿಸಿದೆ, ಏಕೆಂದರೆ ಉಣ್ಣುವಾಗ ಯಾರಿಗಾದರೂ ಅಷ್ಟು ಜಾಗ ಬೇಕೇ ಬೇಕು. ಉಗುರು ಕತ್ತರಿಸುವಾಗ ಬಾಯಿಗೆ ಬುಟ್ಟಿಯಂಥ ಕುಕ್ಕೆ ಹಾಕುತ್ತೇವೆ. ಅದನ್ನೂ ಎರಡು ವಾರ ಅದರೊಳಗೇ ತಿನಿಸು ಇಟ್ಟು ರೂಢಿ ಮಾಡಿಸಿದೆವು.

ಮೈಸೂರಿನಲ್ಲಿ ಸದ್ದಿಗೆ ಹೆದರುವ ನಾಯಿಯನ್ನು ಸಾಕುವುದೆಂದರೆ ದಸರೆಯನ್ನು ಎದುರಿಸುವುದು. ಜಂಬೂಸವಾರಿಯ ದಿನ ಹಾರಿಸುವ 21 ಕುಶಾಲತೋಪುಗಳ ಸದ್ದಿಗೆ ಆನೆಗಳೂ ಕುದುರೆಗಳೂ ಬೆದರದಿರಲೆಂದು ಮೊದಲೇ ಫಿರಂಗಿಯ ತಾಲೀಮು ನಡೆಯುತ್ತದೆ. ಊರ ನಾಯಿಗಳಿಗೆ ಅದೂ ಒಂದು ಹೆಚ್ಚಿನ ಹೆದರಿಕೆ. ಮೊದಲ ವರ್ಷ ಕೆಂಪಿ ಸೊಳ್ಳೆಪರದೆಯ ಬಾಗಿಲು ಹರಿದು, ಒಂದು ಉಗುರು ಕಿತ್ತುಕೊಂಡು, ಸ್ನಾನದ ಮನೆಯ ಹಂಡೆಯ ಹಿಂದೆ ಸೇರಿಕೊಂಡಿದ್ದಳು. ಮರುವರ್ಷ ಆನೆಗಳ ಉಪಾಯವನ್ನೇ ಹಿಡಿದೆ: ಜುಲೈ ತಿಂಗಳಿನಿಂದಲೇ ಫೋನಿನಲ್ಲಿ ಪಟಾಕಿಯ ಸದ್ದನ್ನು ಕೇಳಿಯೂ ಕೇಳದಷ್ಟು ಮೆಲ್ಲಗೆ ಹಾಕಿ, ಜೊತೆಯಲ್ಲಿ ಊಟ ಕೊಟ್ಟು, ವಾರಕ್ಕೊಮ್ಮೆ ಒಂದು ಗೆರೆಯಷ್ಟು ಏರಿಸಿದೆ. ತೋಪಿನ ದಿನ ಡಾಕ್ಟರ್ ಹೇಳಿದಂತೆ ಔಷಧಿಯನ್ನು ಮುಂಚೆಯೇ ಕೊಟ್ಟು, ಸ್ನಾನದ ಮನೆಯಲ್ಲೇ ಹಾಸಿಗೆ ಹಾಕಿದೆ. ನಡುಗಿದಳು, ಆದರೆ ಊಟ ಬಿಡಲಿಲ್ಲ. ಮೂರನೆಯ ವರ್ಷ ತೋಪು ಹಾರುತ್ತಿದ್ದಾಗ ಅವಳು ವರಾಂಡದಲ್ಲಿ ಕಾಲು ಚಾಚಿ ನಿದ್ರಿಸುತ್ತಿದ್ದಳು. ನನ್ನ ತಾಲೀಮು ಫಲಿಸಿತೆಂದು ಹಿಗ್ಗಿ ಹೆಂಡತಿಯನ್ನು ಕರೆದೆ. ಅವಳು ಕೆಂಪಿಯ ತಲೆಯ ಹಿಂದೆ ನಿಂತು ಎರಡು ಸ್ಟೀಲ್ ತಟ್ಟೆಗಳನ್ನು ಬಡಿದಳು. ಕೆಂಪಿಯ ಕಿವಿ ಅಲುಗಲಿಲ್ಲ.

ಅದಕ್ಕೂ ಒಂದು ತಿಂಗಳ ಹಿಂದೆ, ಮಲಗಿದ್ದವಳ ಹೊದಿಕೆ ಸರಿಪಡಿಸಲು ಹೋದ ನನ್ನ ಕೈಗೆ ಅವಳು ಕಚ್ಚಿದ್ದಳು. ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅವಳಿಗೆ ಪ್ರತಿವರ್ಷ ರೇಬಿಸ್ ಲಸಿಕೆ ಹಾಕಿಸಿದ್ದರೂ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ಸರಣಿಯನ್ನು ಪೂರ್ತಿ ಹಾಕಿಸಿಕೊಂಡಿದ್ದೆ. ಹಳೆಯ ಸಿಡುಕು ಮರಳಿತೆಂದುಕೊಂಡಿದ್ದೆ. ತಟ್ಟೆಯ ಸದ್ದಾದ ದಿನ ಅದರ ಅರ್ಥವಾಯಿತು. ಹೆಜ್ಜೆಯ ಸಪ್ಪಳ ಕೇಳದವಳಿಗೆ ನನ್ನ ಕೈ ಆಕಾಶದಿಂದ ಬಿದ್ದಂತೆ ಬಂದಿತ್ತು. ಈಗ ಮೊದಲು ಅವಳ ಹತ್ತಿರದ ನೆಲವನ್ನು ಕಾಲಿನಿಂದ ಎರಡು ಸಲ ಗುದ್ದಿ, ಮೂಗಿನ ಬಳಿ ಕೈ ಹಿಡಿದು, ಅವಳು ಮೂಸಿ ಕಣ್ಣು ತೆರೆದ ಮೇಲೆಯೇ ಮುಟ್ಟುತ್ತೇವೆ. ಮನೆಗೆ ಬರುವ ಮಕ್ಕಳಿಗೂ ಇದನ್ನು ಬಾಗಿಲಲ್ಲೇ ಹೇಳುತ್ತೇವೆ, ಅವಳು ಮಲಗುವ ಮೂಲೆಗೆ ಅಡ್ಡವಾಗಿ ಒಂದು ಬೆಂಚನ್ನೂ ಇಟ್ಟಿದ್ದೇವೆ.

ರಾತ್ರಿಯ ಬೊಗಳಾಟ ಕಳೆದ ಚಳಿಗಾಲದಿಂದ ಶುರುವಾಯಿತು. ಎರಡು ಗಂಟೆಗೆ ಎದ್ದು, ಬಾಗಿಲಿನ ಕೀಲಿರುವ ಬದಿಗೆ ಮೂಗು ಒತ್ತಿ ನಿಂತು, ತೆರೆಯುವ ಬದಿ ಯಾವುದೆಂದು ಮರೆತವಳಂತೆ ಬೊಗಳುತ್ತಿದ್ದಳು. ಮುದಿ ನಾಯಿಗೆ ಬರುವ ಮರೆವಿನ ಕಾಯಿಲೆ ಎಂದು ನಾವೇ ತೀರ್ಮಾನಿಸಿದ್ದೆವು. ಡಾಕ್ಟರ್ ಪುಸ್ತಕ ನೋಡಿ, ರಾತ್ರಿ ಹತ್ತರ ನಂತರ ಅವಳನ್ನು ಮೂತ್ರಕ್ಕೆ ಹೊರಗೆ ಬಿಡುತ್ತಿಲ್ಲವಲ್ಲ ಎಂದರು. ಹನ್ನೆರಡಕ್ಕೆ ಒಮ್ಮೆ ಹೊರಗೆ ಬಿಡತೊಡಗಿದ ಮೇಲೆ ವಾರದಲ್ಲಿ ನಾಲ್ಕು ರಾತ್ರಿ ನಿದ್ರೆ ಸಿಕ್ಕಿತು. ಉಳಿದ ಮೂರು ರಾತ್ರಿಗಳು ನಿಜವಾಗಿಯೂ ಮರೆವಿನವು. ಅವಕ್ಕೆ ಒಂದು ಜೀರೋ ಬಲ್ಬು, ಸ್ಥಳ ಬದಲಿಸದ ಹಾಸಿಗೆ, ಸಂಜೆಯ ನಿಧಾನದ ಅಡ್ಡಾಟ ಇಷ್ಟನ್ನು ಮಾಡಿದ್ದೇವೆ. ಕೆಲವು ರಾತ್ರಿ ನಾನೇ ಎದ್ದುಹೋಗಿ, ಅವಳನ್ನು ಕೀಲಿನ ಬದಿಯಿಂದ ಮೆಲ್ಲಗೆ ತಿರುಗಿಸಿ ಬರುತ್ತೇನೆ.

ಈಗ ಅವಳಿಗೆ ಹದಿಮೂರರ ಆಸುಪಾಸು, ತೂಕ ಹದಿನಾಲ್ಕು ಕಿಲೋ. ನಿದ್ರೆಯಲ್ಲಿರುವಾಗ ಉಸಿರನ್ನು ನಿಮಿಷಕ್ಕೆ ಎಷ್ಟೆಂದು ವಾರಕ್ಕೊಮ್ಮೆ ಎಣಿಸಿ ಬರೆಯುತ್ತೇನೆ. ಮೂವತ್ತು ದಾಟಿದರೆ ತಿಳಿಸಬೇಕೆಂದು ಡಾಕ್ಟರ್ ಹೇಳಿದ್ದಾರೆ. ಪುಸ್ತಕದ ಕೊನೆಯ ಹಾಳೆಯಲ್ಲಿ ಅವರೂ ನಾವೂ ಕೂತು ಮೂರು ಸಾಲು ಬರೆದಿದ್ದೇವೆ: ತಾನಾಗಿ ಉಣ್ಣುವುದು, ಮೂತ್ರಕ್ಕೆ ತಾನಾಗಿ ಎದ್ದು ನಿಲ್ಲುವುದು, ಟೀ ಅಂಗಡಿಯವರು ಬಂದಾಗ ಗೇಟಿನವರೆಗೆ ನಡೆಯುವುದು. ಇವುಗಳಲ್ಲಿ ಎರಡು ಒಂದು ವಾರ ನಿಂತರೆ ಅವಳನ್ನು ನೋವಿಲ್ಲದೆ ಕಳುಹಿಸಿಕೊಡುವ ಮಾತನ್ನು ಆಡಬೇಕೆಂದು ಒಪ್ಪಿಕೊಂಡಿದ್ದೇವೆ. ಟೀ ಅಂಗಡಿಯವರು ಭಾನುವಾರ ಬರುತ್ತಾರೆ. ಬಿಸ್ಕತ್ತು ಬೇಡವೆಂದು ಹೇಳಿದ್ದರಿಂದ ಈಗ ಒಂದು ಇಡ್ಲಿಯನ್ನು ಕಾಗದದಲ್ಲಿ ಸುತ್ತಿ ತರುತ್ತಾರೆ, ಗೇಟಿನ ಆಚೆ ನಿಂತು ಎರಡು ಸಲ ನೆಲ ಗುದ್ದುತ್ತಾರೆ.